ಮನಸ್ಸಿಗೆ ಬಿದ್ದ ಏಟಿಗೆ ಡಾಕ್ಟರು ಎಲ್ಲಿ ಸಿಗ್ತಾರೆ?

1944ರಲ್ಲಿ ಹಾಲಿವುಡ್‌ನಿಂದ ‘ಗ್ಯಾಸ್‌ಲೈಟ್’ ಅನ್ನೋ ಚಿತ್ರ ಬಂತು. ನಿರ್ದೇಶಕ ಜಾರ್ಜ್ ಕ್ಯುಕರ್. ನಾಯಕಿ ಇಂಗ್ರಿಡ್ ಬರ್ಗ್‌ಮನ್, ಗಂಡನ ಪಾತ್ರದಲ್ಲಿ ಚಾರ್ಲ್ಸ್ ಬಾಯರ್. ಈ ಗಂಡನ ಆಯುಧ ಮಾತು, ಬರೀ ಮಾತು! ಮನೆಯ ವಸ್ತುಗಳನ್ನು ತಾನೇ ಬಚ್ಚಿಟ್ಟು ‘ನೀನೇ ಕಳೆದೆ’ ಅಂತಾನೆ. ರಾತ್ರಿ ಕದ್ದು ಅಟ್ಟ ಹತ್ತಿ ಅಲ್ಲಿ ದೀಪ ಹಚ್ಚಿದರೆ ಕೆಳಗೆ ಅವಳ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತೆ. ಅದೂ ತನ್ನ ತಲೆಯ ದೋಷವೇ ಇರಬೇಕು ಅಂತ ಅವಳು ನಂಬುವ ಹಾಗೆ ಮಾಡ್ತಾನೆ. ಬರ್ಗ್‌ಮನ್‌ಗೆ ಈ ಪಾತ್ರಕ್ಕೆ ಆಸ್ಕರ್ ಬಂತು. ಇಂಗ್ಲಿಷ್ ಭಾಷೆಗೆ ಒಂದು ಹೊಸ ಪದವೂ ಬಂತು... ‘ಗ್ಯಾಸ್‌ಲೈಟಿಂಗ್’! ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 2022ರಲ್ಲಿ ಅದನ್ನೇ ವರ್ಷದ ಪದ ಅಂತ ಆರಿಸಿದರು.

ಹಳೇ ಇಂಗ್ಲಿಷ್ ಚಿತ್ರದ ಕಥೆ ಈಗ ಯಾಕಪ್ಪಾ ಅಂತೀರಾ? ಆ ದೀಪ ನಾಲ್ಕು ವರ್ಷ ನನ್ನ ಕೋಣೆಯಲ್ಲೂ ಮಂಕಾಗ್ತಾ ಇತ್ತು, ಅದಕ್ಕೇ!

ನಾನು ಸಹಾಯಕ ನಿರ್ದೇಶಕ. ಯಾರ ಬಳಿ ಕೆಲಸ ಮಾಡಿದೆ ಅನ್ನೋ ಹೆಸರು ಇಲ್ಲಿ ಬೇಡ. ‘ಗುರುಗಳೇ’ ಅಂತ ಕಾಲಿಗೆ ಬಿದ್ದು ಸೇರಿಕೊಂಡವನು ನಾನು. ಒಂದು ದಿನ ಇಡೀ ಯೂನಿಟ್ ಮುಂದೆ ಹೆಗಲ ಮೇಲೆ ಕೈ ಹಾಕಿ ‘ಇವನೇ ನನ್ನ ಬಲಗೈ’ ಅನ್ನೋರು. ಮಾರನೇ ದಿನ ಲೈಟ್‌ಬಾಯ್‌ಗಳ ಎದುರಿಗೇ ‘ಇವನನ್ನ ಹೆತ್ತವಳಿಗೆ ನಮಸ್ಕಾರ ಹಾಕಬೇಕು’ ಅಂತ ಗೇಲಿ. ಆಮೇಲೆ ಮೂರು ದಿನ ಮಾತೇ ಇಲ್ಲ. ಶಾಟ್‌ಗೆ ಕೆಂಪು ಸೀರೆ ಅಂತ ಹೇಳಿದ್ದು ಅವರೇ. ಸೀರೆ ಬಂದ ಮೇಲೆ ‘ನಾನು ಹಸಿರು ಅಂದಿದ್ದೆ. ನಿನ್ನ ತಲೆ ನೆಟ್ಟಗಿಲ್ಲ ಕಣೋ’. ನಾಲ್ಕು ವರ್ಷದಲ್ಲಿ ಒಂದೇ ಒಂದು ಏಟು ಬಿದ್ದಿಲ್ಲ. ಆದರೂ ಫೋನ್ ಬಡಿದರೆ ನನ್ನ ಕೈ ನಡುಗೋದು. ರಾತ್ರಿ ಎರಡು ಗಂಟೆಗೆ ಎಚ್ಚರ. ಎಲ್ಲಕ್ಕಿಂತ ದೊಡ್ಡ ನಷ್ಟ ಏನು ಗೊತ್ತೇ? ಮೊದಲ ದಿನ ಮೊದಲ ಆಟಕ್ಕೆ ಕ್ಯೂ ನಿಲ್ಲುತ್ತಿದ್ದ ನನಗೆ ಥಿಯೇಟರಿನ ಕತ್ತಲಲ್ಲಿ ಅರ್ಧ ಗಂಟೆ ಕೂರಲು ಆಗ್ತಾ ಇರಲಿಲ್ಲ. ಉಸಿರು ಕಟ್ಟೋದು. ಇಂಟರ್‌ವಲ್‌ಗೆ ಮೊದಲೇ ಎದ್ದು ಬರ್ತಿದ್ದೆ.

ಗಂಡಸಿಗೆಂಥಾ ಕಾಯಿಲೆ?

ಊರಲ್ಲಿ ಹೇಳಿದೆ. ‘ಗಂಡಸಾಗಿ ನಾಲ್ಕು ಮಾತು ತಡೆಯೋಕೆ ಆಗಲ್ವೇನೋ?’ ಅಂದರು ಅಪ್ಪ. ಗೆಳೆಯರು ‘ನಿಮ್ಹಾನ್ಸ್‌ಗೆ ಸೇರಿಸ್ತೀವಿ’ ಅಂತ ನಕ್ಕರು. ನಮ್ಮಲ್ಲಿ ಅದೊಂದು ಬೈಗುಳ! ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಬಂದವರನ್ನು ನಮ್ಮ ಜನ ಹೇಗೆ ನೋಡ್ತಾರೆ ಅಂತ ಪುಟ್ಟಣ್ಣ ಕಣಗಾಲ್ ಎಂದೋ ‘ಶರಪಂಜರ’ದಲ್ಲಿ ತೋರಿಸಿಬಿಟ್ಟರು. ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದಿದ್ದಳು. ಅವಳನ್ನು ಮತ್ತೆ ಹುಚ್ಚಿಗೆ ತಳ್ಳಿದ್ದು ಕಾಯಿಲೆಯಲ್ಲ, ಮನೆಯವರ ಅನುಮಾನದ ಕಣ್ಣು. ಚಿತ್ರ ಬಂದು ಐವತ್ತು ವರ್ಷ ದಾಟಿದೆ, ಆ ಕಣ್ಣು ಇನ್ನೂ ಪೂರ್ತಿ ಮುಚ್ಚಿಲ್ಲ.

ಆದರೆ ಕಾಲ ಬದಲಾಗ್ತಿದೆ. ನಮ್ಮ ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ, ತಾರಾಪಟ್ಟದ ತುದಿಯಲ್ಲಿದ್ದಾಗ, ತಮಗೆ ಖಿನ್ನತೆ ಆಗಿತ್ತು, ಚಿಕಿತ್ಸೆ ಪಡೆದೆ ಅಂತ ಬಹಿರಂಗವಾಗಿ ಹೇಳಿದರು. ಅಷ್ಟು ದೊಡ್ಡ ನಟಿಗೆ ಇಲ್ಲದ ನಾಚಿಕೆ ನನಗ್ಯಾಕೆ ಅಂದುಕೊಂಡು ಹೊರಟೆ.

ಮೂರು ಬಾಗಿಲು

ಮೊದಲ ಬಾಗಿಲು, ಬೋರ್ಡ್ ಹಾಕಿಕೊಂಡಿದ್ದ ಒಬ್ಬ ಕೌನ್ಸೆಲರ್. ಹತ್ತು ನಿಮಿಷ ಕೇಳಿಸಿಕೊಂಡು, ‘ಗುರು ಬೈದರೆ ಆಶೀರ್ವಾದ. ಹೋಗಿ ಕ್ಷಮೆ ಕೇಳಿ, ಎಲ್ಲಾ ಸರಿಹೋಗುತ್ತೆ’ ಅಂದರು. ಅಲ್ಲಿಗೇ ನಮಸ್ಕಾರ ಹೇಳಿದೆ.

ಎರಡನೆಯವರು ನಿಜಕ್ಕೂ ಒಳ್ಳೆಯವರು, ಓದಿಕೊಂಡವರು. ಆದರೆ ಅವರಿಗೆ ಕನ್ನಡ ಬರ್ತಿರಲಿಲ್ಲ. ನನಗೆ ಬಿದ್ದ ಮಾತುಗಳೆಲ್ಲ ಕನ್ನಡದವು ಸ್ವಾಮಿ! ‘ಹೆತ್ತವಳಿಗೆ ನಮಸ್ಕಾರ’ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಹೇಳಿದರೆ ಅದು ಬೈಗುಳವಾಗೇ ಕೇಳಿಸಲ್ಲ. ಎರಡು ಸಲ ಹೋದ ಮೇಲೆ ಅವರೇ ‘ನಿಮ್ಮ ಭಾಷೆ ಬಲ್ಲವರನ್ನು ನೋಡಿ’ ಅಂತ ದಾರಿ ತೋರಿಸಿದರು.

ಮೂರನೆಯವರು ಒಂದು ಸರ್ಕಾರಿ ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿಸ್ಟ್. ನಡುವಯಸ್ಸಿನ ಹೆಣ್ಣುಮಗಳು. ಮೊದಲ ದಿನ ಉಪದೇಶವಿಲ್ಲ, ತೀರ್ಪಿಲ್ಲ. ಬರೀ ಕೇಳಿದರು. ‘ಫೋನ್ ಬಡಿದಾಗ ಮೈಯಲ್ಲಿ ಎಲ್ಲಿ ಏನಾಗುತ್ತೆ?’ ಅಂದರು. ನಾಲ್ಕು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ!

ಕಂಟಿನ್ಯೂಟಿ ಪುಸ್ತಕ

ನಿಮಗೆ ಗೊತ್ತಿರಬಹುದು, ಸಹಾಯಕ ನಿರ್ದೇಶಕನ ಕೈಯಲ್ಲಿ ಒಂದು ಕಂಟಿನ್ಯೂಟಿ ಪುಸ್ತಕ ಇರುತ್ತೆ. ಹಿಂದಿನ ಶಾಟ್‌ನಲ್ಲಿ ನಾಯಕನ ವಾಚು ಯಾವ ಕೈಯಲ್ಲಿತ್ತು, ಲೋಟದಲ್ಲಿ ಕಾಫಿ ಎಷ್ಟಿತ್ತು... ಎಲ್ಲಾ ಅದರಲ್ಲಿ ದಾಖಲು. ನನ್ನ ಕೆಲಸ ಏನು ಅಂತ ತಿಳಿದ ಮೇಡಂ, ‘ನಿಮ್ಮ ಜೀವನಕ್ಕೂ ಒಂದು ಕಂಟಿನ್ಯೂಟಿ ಪುಸ್ತಕ ಬರೀರಿ’ ಅಂದರು. ಎಡಗಡೆ, ನಿಜವಾಗಿ ನಡೆದದ್ದು. ಬಲಗಡೆ, ಅದರ ಬಗ್ಗೆ ಅವರು ಹೇಳಿದ್ದು. ಹಳೇ ಶೂಟಿಂಗ್ ಪುಸ್ತಕಗಳನ್ನು ತೆಗೆದು ನೋಡಿದೆ. ‘ಕೆಂಪು ಸೀರೆ’ ಅಂತ ನನ್ನದೇ ಅಕ್ಷರದಲ್ಲಿ, ತಾರೀಖಿನ ಸಮೇತ ಬರೆದಿತ್ತು! ನನ್ನ ತಲೆ ನೆಟ್ಟಗೇ ಇತ್ತು. ಆ ರಾತ್ರಿ ಬಹಳ ಹೊತ್ತು ಅತ್ತೆ. ಗಂಡಸೇ, ಆದರೂ ಅತ್ತೆ.

ಆಮೇಲೆ ನಿಧಾನವಾದ ಕೆಲಸ. ವಾರಕ್ಕೊಂದು ಸಲ, ಮುಕ್ಕಾಲು ಗಂಟೆ. ‘ನಾನು ಕೆಲಸಕ್ಕೆ ಬಾರದವನು’ ಅನ್ನೋ ಯೋಚನೆ ಬಂದಾಗ ಅದನ್ನು ಹಿಡಿದು ನಿಲ್ಲಿಸಿ, ಇದಕ್ಕೆ ಸಾಕ್ಷಿ ಏನು ಅಂತ ಕೇಳೋದು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತಾರೆ ಇದಕ್ಕೆ. ಅಮೆರಿಕದ ಆರನ್ ಬೆಕ್ ಅನ್ನೋ ವೈದ್ಯರು 1960ರ ದಶಕದಲ್ಲಿ ಇದಕ್ಕೆ ತಳಪಾಯ ಹಾಕಿದವರು. ಭಯವಾಗುವ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗೋದೂ ಚಿಕಿತ್ಸೆಯ ಒಂದು ಭಾಗ. ಥಿಯೇಟರಿನಲ್ಲಿ ಮೊದಲ ವಾರ ಬಾಗಿಲ ಪಕ್ಕದ ಸೀಟು, ಹತ್ತು ನಿಮಿಷ. ಮುಂದಿನ ವಾರ ಇಪ್ಪತ್ತು. ಎಂಟು ತಿಂಗಳಾದ ಮೇಲೆ ಒಂದು ಇಡೀ ಚಿತ್ರ, ‘ಶುಭಂ’ ಬರುವ ತನಕ ನೋಡಿದೆ. ಚಿತ್ರ ಡಬ್ಬಾ ಚಿತ್ರ. ಆದರೂ ಅದಕ್ಕಿಂತ ಒಳ್ಳೇ ಸಿನಿಮಾ ನಾನು ನೋಡಿಲ್ಲ!

ಸಿನಿಮಾ ಡಾಕ್ಟರು, ನಿಜವಾದ ಡಾಕ್ಟರು

ನಾವು ತೆರೆಯ ಮೇಲೆ ನೋಡಿದ ಮನೋವೈದ್ಯರೇ ಬೇರೆ. ‘ಆಪ್ತಮಿತ್ರ’ (2004)ದಲ್ಲಿ ವಿಷ್ಣುವರ್ಧನ್ ಬಂದು ಒಂದೇ ಕ್ಲೈಮ್ಯಾಕ್ಸ್‌ನಲ್ಲಿ ಗಂಗಾಳನ್ನು ಗುಣಪಡಿಸ್ತಾರೆ. ‘ಮಾನಸ ಸರೋವರ’ (1982)ದಲ್ಲಿ ಡಾಕ್ಟರ್ ಶ್ರೀನಾಥ್ ತಮ್ಮ ರೋಗಿಯನ್ನೇ ಪ್ರೀತಿಸಿ ಕೊನೆಗೆ ತಾವೇ ಹುಚ್ಚರಾಗ್ತಾರೆ. ಚಿತ್ರವಾಗಿ ಅದ್ಭುತ! ಆದರೆ ನಿಜಜೀವನದಲ್ಲಿ ಒಂದೇ ದಿನದಲ್ಲಿ ಗುಣ ಅನ್ನೋದು ಇಲ್ಲ. ಚಿಕಿತ್ಸೆಗೆ ಬಂದವರ ಜೊತೆ ಪ್ರೇಮ ಅನ್ನೋದು ಈ ವೃತ್ತಿಯಲ್ಲಿ ಕಟ್ಟುನಿಟ್ಟಾಗಿ ನಿಷಿದ್ಧ.

ಹುಡುಕುವವರಿಗೆ ನಾನು ತಿಳಿದ ನಾಲ್ಕು ಮಾತು:

ಒಂದು. ಸೈಕಿಯಾಟ್ರಿಸ್ಟ್ ಅಂದರೆ ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನಿಮ್ಮ ನೋಂದಣಿ ಇದೆಯಾ ಅಂತ ಧೈರ್ಯವಾಗಿ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಮುಂದಿನ ಬಾಗಿಲು ನೋಡಿ.

ಎರಡು. ಮಾತಿನಿಂದ, ಮೌನದಿಂದ ಹಿಂಸೆ ಅನುಭವಿಸಿದವರಿಗೆ ಈ ಹಿಂದೆ ಚಿಕಿತ್ಸೆ ಕೊಟ್ಟಿದ್ದೀರಾ ಅಂತ ಕೇಳಿ. ‘ಎರಡೇ ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ’ ಅನ್ನೋರು, ‘ತಪ್ಪು ನಿನ್ನದೇ’ ಅನ್ನೋರು, ಕಾಟ ಕೊಡ್ತಾ ಇರುವವರನ್ನೇ ಕರೆಸಿ ಪಕ್ಕದಲ್ಲಿ ಕೂರಿಸಿ ರಾಜಿ ಮಾಡಿಸ್ತೀನಿ ಅನ್ನೋರು... ಇವರಿಂದ ದೂರ ಇರಿ.

ಮೂರು. ಗುಟ್ಟು ರಟ್ಟಾಗುತ್ತೆ ಅನ್ನೋ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗೋಪ್ಯವಾಗಿರಬೇಕು ಅನ್ನುತ್ತೆ. ಜೀವಕ್ಕೆ ಅಪಾಯ ಅನ್ನುವಂಥ ಕೆಲವೇ ಸಂದರ್ಭಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ.

ನಾಲ್ಕು. ಮೂರು ನಾಲ್ಕು ಸಲ ಹೋದ ಮೇಲೂ ಇವರ ಮುಂದೆ ಬಾಯಿ ಬಿಡಲು ಆಗ್ತಿಲ್ಲ ಅನ್ನಿಸಿದರೆ ಅದನ್ನು ಅವರಿಗೇ ಹೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳಲ್ಲ, ಬೇರೆ ದಾರಿ ಹುಡುಕ್ತಾರೆ.

ಕಾಸಿಲ್ಲ ಅಂತೀರಾ? ಖಾಸಗಿಯಲ್ಲಿ ಜೇಬು ಹಗುರಾಗೋದು ನಿಜ. ಆದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. 1974ರಲ್ಲಿ ಹಳೇ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸೇರಿ ಆದದ್ದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳಿ. ಎಲ್ಲಿಗೂ ಹೋಗಲು ಧೈರ್ಯ ಸಾಲದಿದ್ದರೆ ಫೋನ್ ಇದೆಯಲ್ಲ! 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರುಮಾಡಿದ ‘ಟೆಲಿ ಮಾನಸ್’ಗೆ 14416 ಒತ್ತಿ. ದಿನದ 24 ಗಂಟೆ, ಕಾಸಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಬೇರೆ ನಿರ್ದೇಶಕರ ಬಳಿ ಇದ್ದೀನಿ. ಅವರೂ ಬೈತಾರೆ; ಶಾಟ್ ಕೆಟ್ಟರೆ ಬೈತಾರೆ, ಓಕೆ ಆದರೆ ಮರೀತಾರೆ. ಆ ಬೈಗುಳಕ್ಕೂ ಈ ಬೈಗುಳಕ್ಕೂ ವ್ಯತ್ಯಾಸ ಗೊತ್ತಾಗಿದೆ. ಹಳೇ ಗುರುಗಳ ಚಿತ್ರ ಬಂದರೆ ಟಿಕೆಟ್ ತಗೊಂಡೇ ನೋಡ್ತೀನಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತೀನಿ. ಪ್ರತಿಭೆ ಅವರದು, ಒಪ್ಪಲೇಬೇಕು. ಹಾಗಂತ ಅವರ ಫೋನ್ ಎತ್ತಲ್ಲ.

ಮಿತ್ರರೇ, ಬಸ್ಸಿಗೆ ಕಾಯ್ತಾ ಇದನ್ನು ಓದ್ತಿರೋ ನಿಮ್ಮಲ್ಲಿ ಯಾರಿಗಾದರೂ ಅಪ್ಪನದೋ, ಅಣ್ಣನದೋ, ಸಾಹುಕಾರರದೋ, ಪ್ರೀತಿಸಿದ ಹುಡುಗಿಯದೋ ಮಾತು ಹೀಗೇ ಒಳಗೆ ಕೂತಿರಬಹುದು. ಕೈಕಾಲು ಮುರಿದರೆ ಆಸ್ಪತ್ರೆಗೆ ಹೋಗಲು ನಾಚಿಕೆ ಪಡ್ತೀವಾ? ಇದೂ ಅಷ್ಟೇ. ಮೊದಲ ಬಾಗಿಲು ಸರಿ ಇಲ್ಲದಿದ್ದರೆ ಎರಡನೇದು ತಟ್ಟಿ, ಮೂರನೇದು ತಟ್ಟಿ. ಬಸ್ಸು ಬರೋದು ತಡವಾದರೆ ನಂಬರು ಮತ್ತೊಮ್ಮೆ ಓದಿಕೊಳ್ಳಿ: 14416.