ಬದನೆಕಾಯಿಯನ್ನು ಯಾವುದರ ಜೊತೆ ಹೋಲಿಸುವುದು?



ಕಳೆದ ವಾರದ ಫೋನ್-ಇನ್‌ನಲ್ಲಿ ಕಾಚಿಗುಡದ ಕೇಳುಗರೊಬ್ಬರು ಕೇಳಿದರು: "ರೈತು ಬಜಾರಿನಾಗ ಒಂದೂ ಹುಳ ಇಲ್ಲದ ಬದನಿಕಾಯಿ ಸಿಗ್ತದಲ್ರೀ, ಅದು ಬಿಟಿ ಏನ್ರೀ? ತಿನ್ನಬಹುದಾ?" ಹಾಡಿನ ನಡುವೆ ಮುಗಿಸುವ ಉತ್ತರವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭಾರತದಲ್ಲಿ ಬಿಟಿ ಬದನೆ ಬೆಳೆದು ಮಾರಲು ಅನುಮತಿ ಇಲ್ಲ. ಹುಳ ಇಲ್ಲವೆಂದರೆ ಬಹುಶಃ ಔಷಧಿ ಹೊಡೆದಿದ್ದಾರೆ. ಚೆನ್ನಾಗಿ ತೊಳೆಯಿರಿ.

ಬಿಟಿ ಬದನೆಯನ್ನು ತಯಾರಿಸಿದ್ದು ಮಹಿಕೋ ಕಂಪನಿ. ಅದರ ಜೊತೆ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೆಲಸ ಮಾಡಿತ್ತು. ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಜೀನ್ ಸೇರಿಸಿದ್ದರಿಂದ ಗಿಡ ತಾನೇ ಒಂದು ಪ್ರೋಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳ ಅದನ್ನು ತಿಂದು ಸಾಯುತ್ತದೆ.

ಹುಳಕ್ಕೆ ವಿಷವಾದದ್ದು ನಮಗೆ? ಮೊದಲು ನೋಡುವುದು ಆ ಹೊಸ ಪ್ರೋಟೀನನ್ನು: ಹೊಟ್ಟೆಯ ಆಮ್ಲದಲ್ಲಿ ಬೇಗ ಕರಗುತ್ತದೆಯೇ, ಅಲರ್ಜಿ ತರುವಂಥದ್ದೇ ಎಂದು. ಇದು ಬರೀ ಶಾಸ್ತ್ರಕ್ಕೆ ಮಾಡುವ ಪರೀಕ್ಷೆಯಲ್ಲ. ಅಮೆರಿಕದಲ್ಲಿ ಬ್ರೆಜಿಲ್ ನಟ್‌ನ ಜೀನ್ ಸೇರಿಸಿದ ಸೋಯಾದಲ್ಲಿ ಆ ಬೀಜದ ಅಲರ್ಜಿಯೂ ಬಂದು ಸೇರಿದ್ದು ಹೀಗೇ ಸಿಕ್ಕಿಬಿತ್ತು. 1996ರಲ್ಲಿ ಆ ವರದಿ ಪ್ರಕಟವಾಯಿತು, ಸೋಯಾ ಮಾರುಕಟ್ಟೆಗೆ ಬರಲಿಲ್ಲ.

ಆಮೇಲೆ ಕಾಯಿಯ ಉಳಿದ ಭಾಗ. ಜೀನ್ ಸೇರಿಸುವಾಗ ಬೇರೇನಾದರೂ ಏರುಪೇರಾಯಿತೇ? ಅದಕ್ಕಾಗಿ ಅದೇ ತಳಿಯ ಜೀನ್ ಸೇರಿಸದ ಗಿಡವನ್ನು ಪಕ್ಕದಲ್ಲೇ ಬೆಳೆಸಿ ಎರಡರ ಪ್ರೋಟೀನ್, ಸಕ್ಕರೆ, ವಿಟಮಿನ್, ಖನಿಜಗಳನ್ನು ಹೋಲಿಸುತ್ತಾರೆ. ಬದನೆಯಲ್ಲಿ ಹುಟ್ಟಿನಿಂದಲೇ ಇರುವ ಕಹಿಯ ಆಲ್ಕಲಾಯ್ಡ್‌ಗಳನ್ನೂ ಅಳೆಯಬೇಕು. (ಮಾಮೂಲಿ ತಳಿ ಅಭಿವೃದ್ಧಿಯಲ್ಲೂ ಎಡವಟ್ಟಾಗುತ್ತದೆ. ಅಮೆರಿಕದ ಲೆನಾಪೆ ಆಲೂಗಡ್ಡೆಯಲ್ಲಿ ಇಂಥ ವಿಷ ಹೆಚ್ಚಿದೆಯೆಂದು 1970ರಲ್ಲಿ ಅದನ್ನು ಹಿಂತೆಗೆದುಕೊಂಡರು. ಅದರಲ್ಲಿ ಯಾರೂ ಜೀನ್ ತುರುಕಿರಲಿಲ್ಲ.)

ಹೋಲಿಸಲು ಸಾಮಾನ್ಯ ಬದನೆಯ ಲೆಕ್ಕ ಗೊತ್ತಿರಬೇಕಲ್ಲ? ಆ ಪುಸ್ತಕ ಬಂದದ್ದು ನಮ್ಮ ಹೈದರಾಬಾದಿನಿಂದಲೇ. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಸಂಯೋಜನೆಯ ಪಟ್ಟಿ ಹೊರತಂದಿತು. ಅದರಲ್ಲಿ ಬದನೆಯದ್ದೇ ಹಲವು ಬಗೆ. ಮಣ್ಣು, ಮಳೆ, ತಳಿ ಬದಲಾದರೆ ಅಂಕಿಯೂ ಬದಲು. ಆದ್ದರಿಂದ ಪರೀಕ್ಷಕರು ಸ್ವಲ್ಪ ವ್ಯತ್ಯಾಸ ಕಂಡೊಡನೆ ಗಾಬರಿಯಾಗುವುದಿಲ್ಲ, ಸಹಜ ಮಿತಿಯೊಳಗಿದೆಯೇ ಎಂದು ನೋಡುತ್ತಾರೆ.

ಜಗಳ ಬಂದದ್ದು ಇನ್ನೊಂದು ಕಡೆ. ಪರೀಕ್ಷೆಯ ಹೆಚ್ಚಿನ ಮಾಹಿತಿ ಕೊಟ್ಟದ್ದು ಕಂಪನಿಯೇ, ಇಲಿಗಳಿಗೆ ತಿನ್ನಿಸಿ ನೋಡಿದ್ದು 90 ದಿನ. ಹಲವು ದೇಶಗಳಲ್ಲೂ ಪದ್ಧತಿ ಹೆಚ್ಚುಕಡಿಮೆ ಇದೇ. ಆದರೂ ನನಗೆ ಅದು ವರನ ಗುಣ ವಿಚಾರಿಸಲು ವರನ ಅಪ್ಪನ ಬಳಿ ಹೋದಂತೆ ಕಾಣುತ್ತದೆ. 2009ರ ಅಕ್ಟೋಬರ್‌ನಲ್ಲಿ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟ ಮೇಲೆ ಸಚಿವ ಜೈರಾಂ ರಮೇಶ್ ಹೈದರಾಬಾದ್, ಬೆಂಗಳೂರು ಸೇರಿ ಏಳು ಊರುಗಳಲ್ಲಿ ಜನರ ಮಾತು ಕೇಳಿ, ಸ್ವತಂತ್ರ ಅಧ್ಯಯನ ಆಗಲಿ ಎಂದು 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಅನುಮತಿ ಕೊಟ್ಟು ಬೆಳೆಯತೊಡಗಿತು.

ಅದೇ ಕೇಳುಗರ ಇನ್ನೊಂದು ಪ್ರಶ್ನೆ ಹತ್ತಿಬೀಜದ ಎಣ್ಣೆಯದು. 2002ರಿಂದ ಇಲ್ಲಿ ಬಿಟಿ ಹತ್ತಿ ಬೆಳೆಯುತ್ತಿರುವುದರಿಂದ ಆ ಎಣ್ಣೆ ಬಹುಮಟ್ಟಿಗೆ ಬಿಟಿ ಬೀಜದ್ದೇ. ಆದರೆ ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನ್ ಉಳಿಯುವುದಿಲ್ಲ ಎನ್ನುವಷ್ಟು ಕಡಿಮೆ.