ಮುಂಗಾಲಿನ ನಿದಾನ

ಅಗ್ಗವಾಗಿ ದೊರೆಯುವ ಹಳೆಯ ವಸ್ತುವನ್ನು ಕೊಳ್ಳುವಾಗ ಗೃಹಸ್ಥನು ಅದರ ಬೆಲೆಯನ್ನು ಕೇಳುವನೇ ಹೊರತು ಅದರ ಪೂರ್ವಚರಿತ್ರೆಯನ್ನು ಕೇಳುವುದಿಲ್ಲ. ನಾವೂ ಕೇಳಲಿಲ್ಲ. ಅದರ ಫಲವನ್ನು ಅನುಭವಿಸಿದ್ದಾಯಿತು. ಆ ಅನುಭವವು ವಾಚಕರಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬಂದೀತೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮದು ಚಿಕ್ಕೋಡಿ ತಾಲೂಕಿನ ಕೃಷ್ಣಾತೀರದ ಯಡೂರು. ವೀರಭದ್ರಸ್ವಾಮಿಯ ಕ್ಷೇತ್ರವಾದುದರಿಂದ ಈ ಊರನ್ನು ಅನೇಕರು ಬಲ್ಲರು. ಶಾಲೆಯ ಸೇವೆಯಿಂದ ನಿವೃತ್ತರಾದ ಮೇಲೆ ಚಿಕ್ಕೋಡಿಗೆ ಹೋಗಿಬರಲು ನಮಗೊಂದು ವಾಹನವು ಬೇಕಾಯಿತು. ನಾವು ವಿದ್ಯಾರ್ಥಿಗಳಾಗಿದ್ದ 1980ರ ದಶಕದಲ್ಲಿ ಯೆಜ್ಡಿ ಮೋಟಾರು ಸೈಕಲ್ಲು ಅಗಸೆಯನ್ನು ದಾಟಿ ಬರುವ ಮೊದಲೇ ಅದರ ಸದ್ದು ಊರೊಳಗೆ ಬರುತ್ತಿತ್ತು. ಆಗ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ; ಆಸೆಯು ಮಾತ್ರ ನಾಲ್ವತ್ತು ವರ್ಷ ಉಳಿದುಕೊಂಡಿತ್ತು. ಹೀಗಿರಲು, ಹೊಳೆಸಾಲಿನ ಒಂದು ಗ್ರಾಮದಲ್ಲಿ ಅಂತಹ ವಾಹನವೊಂದು 28,000 ರೂಪಾಯಿಗೆ ದೊರೆಯುವುದೆಂದು ತಿಳಿದು, ಮರುದಿನವೇ ಹೋಗಿ ತಂದೆವು.

ಈ ವಾಹನದ ಕುಲವು ನಮ್ಮ ನಾಡಿನದೇ. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಅನುಮತಿಯನ್ನು ಪಡೆದು ಐಡಿಯಲ್ ಜಾವಾ ಎಂಬ ಕಾರ್ಖಾನೆಯು ಮೈಸೂರಿನಲ್ಲಿ 1961ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಸಂಸ್ಕೃತವನ್ನೋದಿದ ನಮಗೆ ‘ಜಾವಾ’ ಎಂದೊಡನೆ ವೇಗಾರ್ಥಕವಾದ ‘ಜವ’ ಶಬ್ದವು ನೆನಪಾಗುವುದು. ಆದರೆ ಇದರ ವ್ಯುತ್ಪತ್ತಿಯೇ ಬೇರೆ. ಯಾನೆಚೆಕ್ ಎಂಬ ಸ್ಥಾಪಕನ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಮೋಟಾರು ಸೈಕಲ್ಲಿನ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ 1929ರಲ್ಲಿ ಈ ಹೆಸರನ್ನು ರಚಿಸಿದರು. 1973ರಿಂದ ಮೈಸೂರಿನ ವಾಹನಗಳು ಯೆಜ್ಡಿ ಎಂಬ ಹೆಸರನ್ನು ಧರಿಸಿದವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. 2022ರಲ್ಲಿ ಆ ಹೆಸರು ಹೊಸ ವಾಹನಗಳ ಮೇಲೆ ಮರಳಿ ಬಂದಿರುವುದಾದರೂ ಅವುಗಳ ರಚನೆಯು ಬೇರೆ. ಆದುದರಿಂದ ಹಳೆಯದನ್ನು ಇಟ್ಟುಕೊಂಡವರು ರಿಪೇರಿಯನ್ನೇ ನಂಬಿರಬೇಕಾಗಿದೆ.

ತಂದ ಮೂರನೆಯ ವಾರದಲ್ಲಿ, ನಮ್ಮ ಮನೆಯವರನ್ನು ಹಿಂದೆ ಕುಳ್ಳಿರಿಸಿಕೊಂಡು ಚಿಕ್ಕೋಡಿಗೆ ಹೊರಟಿದ್ದೆವು. ಕಬ್ಬಿನ ಹಂಗಾಮು, ದಾರಿಯುದ್ದಕ್ಕೂ ತಗ್ಗುಗಳು. ಮುಂದೆ ಹೋಗುತ್ತಿದ್ದ ಕಬ್ಬಿನ ಗಾಡಿಯು ಫಕ್ಕನೆ ನಿಂತಿತು. ನಾವು ಬ್ರೇಕು ಹಿಡಿದೊಡನೆ ವಾಹನದ ಮೂತಿಯು ನೆಲಕ್ಕೆ ಬಗ್ಗಿತು, ಮುಂಗಾಲುಗಳು ಖಟ್ಟೆಂದು ತಳ ಮುಟ್ಟಿದವು; ಆದರೆ ಚಕ್ರವು ನಿಲ್ಲಲೊಲ್ಲದು. ಹಿಂದಿನ ಬ್ರೇಕನ್ನೂ ಒತ್ತಿ, ಗಾಡಿಗೆ ಎರಡು ಗೇಣಿನ ಅಂತರದಲ್ಲಿ ನಿಂತೆವು. ಮನೆಯವರು ಇಳಿದು, ಸೆರಗನ್ನು ಸರಿಪಡಿಸಿಕೊಂಡು, “ಇದು ಯಾಕ ಹಿಂಗ ಮಾಡ್ತು ಅನ್ನೂದು ತಿಳಿಯೂ ತನಕ ನಾ ಇದರ ಮ್ಯಾಲ ಕೂಡೂದಿಲ್ಲರಿ” ಎಂದು ಹೇಳಿ, ಬಸ್ಸಿನ ದಾರಿಯನ್ನು ನೋಡುತ್ತ ನಿಂತರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂಗಾಲುಗಳ ರಚನೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ಮಿಸ್ತ್ರಿಗಳು ಇದನ್ನು ಫೋರ್ಕ್ ಎನ್ನುವರು. ಎಡಕ್ಕೊಂದು ಬಲಕ್ಕೊಂದು ಕಾಲು. ಪ್ರತಿಯೊಂದರಲ್ಲಿಯೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳು, ಒಂದು ಸುರುಳಿ ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಸ್ಪ್ರಿಂಗು ತಗ್ಗಿನ ಪೆಟ್ಟನ್ನು ಹೊರುವುದು. ಆದರೆ ಸ್ಪ್ರಿಂಗು ಒಂದೇ ಇದ್ದರೆ ಗಾಡಿಯು ಕುದುರೆಯ ಮರಿಯಂತೆ ಕುಣಿಯುತ್ತಲೇ ಇರುವುದು. ಸಣ್ಣ ರಂಧ್ರಗಳೊಳಗಿಂದ ಎಣ್ಣೆಯು ಕಷ್ಟದಿಂದ ಹಾಯುವಾಗ ಆ ಕುಣಿತವು ಅಡಗುವುದು. ಎಣ್ಣೆಯಿಂದ ಕುಣಿತವನ್ನಡಗಿಸುವ ಇಂತಹ ಕೊಳವೆಯ ಕಾಲುಗಳನ್ನು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು 1935ರಲ್ಲಿ ತನ್ನ ವಾಹನಗಳಿಗೆ ಅಳವಡಿಸಿತು. ಅನಂತರ ಲೋಕವೆಲ್ಲ ಅದನ್ನು ಸ್ವೀಕರಿಸಿತು. ಎಣ್ಣೆಯು ಹೊರಬಾರದಂತೆ ತಡೆಯುವುದು ಸೀಲ್ ಎಂಬ ರಬ್ಬರಿನ ಬಳೆ. ಅದು ಸೋತರೆ ಎಣ್ಣೆಯು ಸೋರುವುದು. ಸೋರಿದ ಎಣ್ಣೆಯು ಕಾಲಿನಗುಂಟ ಇಳಿದು ಚಕ್ರವನ್ನು ಸೇರುವುದು. ಬ್ರೇಕಿನ ಪಟ್ಟಿಗಳಿಗೆ ತಗಲಿದರೆ ಅವು ಹಿಡಿಯಲಾರವು. ನಮಗಾದುದು ಅದೇ.

ಇಷ್ಟನ್ನು ತಿಳಿದು, ಆತುರದಿಂದ ಒಂದೆಡೆ 600 ರೂಪಾಯಿ ಕೊಟ್ಟು ಹೊಸ ಸೀಲುಗಳನ್ನು ಹಾಕಿಸಿದೆವು. ಎಣ್ಣೆಯು ದಪ್ಪವಾಗಿದ್ದರೆ ಸೋರಲಾರದೆಂದು ಊಹಿಸಿ, ಇಂಜಿನ್ನಿನ ದಪ್ಪ ಎಣ್ಣೆಯನ್ನೇ ಹಾಕಿರೆಂದು ಹಟ ಹಿಡಿದವರೂ ನಾವೇ. ಫಲವೇನೆಂದರೆ, ದಪ್ಪ ಎಣ್ಣೆಯು ರಂಧ್ರಗಳಲ್ಲಿ ಹಾಯದೆ ಕಾಲುಗಳು ಒನಕೆಯಂತೆ ಬಿಗಿದವು. ಹದಿನೈದು ದಿನಗಳಲ್ಲಿ ಸೋರಿಕೆಯು ಯಥಾಪ್ರಕಾರ ಆರಂಭವಾಯಿತು.

ಆಯುರ್ವೇದದಲ್ಲಿ ‘ನಿದಾನ’ವೆಂದರೆ ರೋಗದ ಕಾರಣವನ್ನರಿಯುವುದು. ಕನ್ನಡದಲ್ಲಿ ಅದೇ ಶಬ್ದಕ್ಕೆ ಸಾವಕಾಶವೆಂಬ ಅರ್ಥವು ರೂಢಿಯಲ್ಲಿದೆ. ಎರಡನೆಯ ನಿದಾನವಿಲ್ಲದವನಿಗೆ ಮೊದಲನೆಯದು ದೊರೆಯುವುದಿಲ್ಲವೆಂಬುದನ್ನು ಚಿಕ್ಕೋಡಿಯ ಒಬ್ಬ ವೃದ್ಧ ಮಿಸ್ತ್ರಿಯು ನಮಗೆ ಕಲಿಸಿದನು. ಅವನು ಸೀಲಿನತ್ತ ನೋಡಲೇ ಇಲ್ಲ. ಇಂಜಿನ್ನಿನ ಕೆಳಗೆ ಮರದ ಕೊರಡನ್ನಿಟ್ಟು ಮುಂಚಕ್ರವನ್ನು ನೆಲದಿಂದೆತ್ತಿದನು. ಕಾಲುಗಳನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಎಂದಿತು. ಒಳಗಿನ ಬುಷ್ಷುಗಳು ಸವೆದಿದ್ದವು. ಹ್ಯಾಂಡಲನ್ನು ಮೆಲ್ಲನೆ ತಿರುಗಿಸಿದಾಗ ನಡುವೆ ಒಂದೆಡೆ ತಡೆದು ನಿಂತಿತು; ಕೋನ್‌ಸೆಟ್ಟಿನ ಗುಂಡುಗಳು ತಮ್ಮ ಬಟ್ಟಲಿನಲ್ಲಿ ಕುಳಿ ಮಾಡಿಕೊಂಡಿದ್ದವು. ಬಳಿಕ ಕಾಲುಗಳನ್ನು ಕಳಚಿ ಎಣ್ಣೆಯನ್ನು ಬಸಿದನು. ಅದು ಹಾಲು ಬೆರೆಸಿದ ಚಹದಂತಿತ್ತು. ತಳದಲ್ಲಿ ನುಣ್ಣನೆಯ ರೇವೆಯಿತ್ತು.

“ಮಾಸ್ತರ್, ಈ ಗಾಡಿ ಹೊಳಿ ನೀರಾಗ ನಿಂತಿತ್ತರಿ” ಎಂದನು. ವಿಚಾರಿಸಿದಾಗ, 2019ರ ಆಗಸ್ಟಿನ ಮಹಾಪೂರದಲ್ಲಿ ಅದು ದಿನಗಟ್ಟಲೆ ಮುಳುಗಿದ್ದಿತೆಂದು ತಿಳಿಯಿತು. ಮಾರಿದವರು ಹೇಳಿರಲಿಲ್ಲ, ಕೃಷ್ಣೆಯ ದಂಡೆಯಲ್ಲಿದ್ದು ನಾವೂ ಕೇಳಿರಲಿಲ್ಲ. ಒಳಗೆ ಉಳಿದ ನೀರು ಕೊಳವೆಯ ಕ್ರೋಮಿನ ಮೇಲ್ಮೈಯನ್ನು ತಿಂದು, ಉಗುರಿಗೆ ಸಿಕ್ಕುವಷ್ಟು ಸಣ್ಣ ಕುಳಿಗಳನ್ನು ಮಾಡಿತ್ತು. ಸೀಲು ಏರಿಳಿಯುವ ಜಾಗದಲ್ಲಿಯೇ ಅವಿದ್ದವು. “ಕಳ್ಳ ಸೀಲಿನ್ಯಾಗ ಇಲ್ಲರಿ, ಪೈಪಿನ್ಯಾಗ ಅದಾನ. ಎಷ್ಟ್ ಸೀಲು ಹಾಕಿದ್ರೂ ಕಡಿತಾನ” ಎಂದನು.

ಚಿಕಿತ್ಸೆಯು ಆಮೇಲೆ ಸುಲಭವಾಯಿತು. ಕೊಳವೆಗಳನ್ನು ಸಮತಲವಾದ ದಪ್ಪ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಕಾಣದುದರಿಂದ ಅವು ಬಾಗಿಲ್ಲವೆಂದು ನಿಶ್ಚಯಿಸಿದೆವು; ಬಾಗಿದ್ದರೆ ಬದಲಿಸುವುದೇ ಲೇಸು. ಕೊಲ್ಹಾಪುರದಲ್ಲಿ ಹಳೆಯ ಕ್ರೋಮನ್ನು ತೆಗೆಸಿ, ಹೊಸದಾಗಿ ಗಟ್ಟಿ ಕ್ರೋಮನ್ನು ಏರಿಸಿ, ಮೊದಲಿನ ಅಳತೆಗೆ ಸಾಣೆ ಹಿಡಿಸಿ ತಂದೆವು. ಸ್ಪ್ರಿಂಗುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಒಂದು ಗಿಡ್ಡಾಗಿತ್ತು. ಆದುದರಿಂದ ಜೋಡಿಯನ್ನೇ ಬದಲಿಸಿದೆವು. ಹೊಸ ಸೀಲಿಗೆ ಎಣ್ಣೆ ಸವರಿ, ಕೊಳವೆಯ ಅಂಚು ತಾಗದಂತೆ ತೆಳು ಪ್ಲಾಸ್ಟಿಕ್ಕನ್ನು ಸುತ್ತಿ ಏರಿಸಿದೆವು. ಫೋರ್ಕಿಗೆಂದೇ ಮಾರುವ ತೆಳು ಎಣ್ಣೆಯನ್ನು, ಕೈಪಿಡಿಯಲ್ಲಿ ಹೇಳಿದಷ್ಟೇ, ಎರಡು ಕಾಲುಗಳಿಗೂ ಸಮವಾಗಿ ಅಳೆದು ಸುರಿದೆವು. ಹೆಚ್ಚಾದರೆ ಮೇಲಿನ ಗಾಳಿಗೆ ಎಡೆಯಿಲ್ಲದೆ ಒತ್ತಡವೆಲ್ಲ ಸೀಲಿನ ಮೇಲೆ ಬೀಳುವುದು. ಕೊನೆಯ ಬೋಲ್ಟುಗಳನ್ನು ಬಿಗಿಯುವ ಮುನ್ನ ಹ್ಯಾಂಡಲನ್ನು ಹಲವು ಸಲ ಒತ್ತಿ ಬಿಡಬೇಕು. ಆಗ ಕಾಲುಗಳು ತಾವಾಗಿ ಸಮನಾಗಿ ನಿಲ್ಲುವುವು. ಎಣ್ಣೆಯನ್ನು ಕುಡಿದ ಬ್ರೇಕಿನ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದೆಂದು ಮಿಸ್ತ್ರಿಯು ಹೇಳಿದುದರಿಂದ ಹೊಸದನ್ನೇ ಹಾಕಿಸಿದೆವು. ಬುಷ್ಷು, ಕೋನ್‌ಸೆಟ್ಟು ಸಹಿತ ಒಟ್ಟು 6,800 ರೂಪಾಯಿ ತಗಲಿತು. ಆತುರಕ್ಕೆ ತೆತ್ತ 600 ಬೇರೆ.

ಹಳೆಯ ವಾಹನವನ್ನು ಕೊಳ್ಳಬಯಸುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಬಣ್ಣವನ್ನೂ ಸದ್ದನ್ನೂ ಆಮೇಲೆ ನೋಡಿರಿ. ಮೊದಲು ಕುಳಿತು ಮುಂಗಾಲಿನ ಹೊಳೆಯುವ ಕೊಳವೆಯ ಮೇಲೆ ಉಗುರನ್ನು ಎಳೆಯಿರಿ. ಬಿಳಿಯ ಬಟ್ಟೆಯಿಂದ ಒರೆಸಿ, ಹ್ಯಾಂಡಲನ್ನು ಹತ್ತು ಸಲ ಒತ್ತಿ, ಮತ್ತೆ ಒರೆಸಿ ನೋಡಿರಿ. ಹೊಳೆಸಾಲಿನ ಗಾಡಿಯಾದರೆ, ನೆರೆಯ ವರ್ಷದಲ್ಲಿ ಅದು ಎಲ್ಲಿದ್ದಿತೆಂದು ಬಾಯಿಬಿಟ್ಟು ಕೇಳಿರಿ. ಕೇಳಲು ಸಂಕೋಚಪಡುವವನು ಆಮೇಲೆ ಮಡದಿ ಮಕ್ಕಳ ಜೀವವನ್ನು ಒತ್ತೆಯಿಟ್ಟಂತಾಗುವುದು.

ಗಾಡಿಯು ಮನೆಗೆ ಬಂದ ದಿನ ನಮ್ಮ ಮನೆಯವರಿಗೆ ಕಾರಣವೆಲ್ಲವನ್ನೂ, ನಮ್ಮ ದಪ್ಪ ಎಣ್ಣೆಯ ಪ್ರಸಂಗವನ್ನೂ ಬಿಡದೆ, ಹೇಳಿದೆವು. ಅವರು ಏನೂ ಹೇಳದೆ ಒಳಗಿನಿಂದ ಹಳೆಯ ಬಿಳಿ ಧೋತರದ ತುಂಡೊಂದನ್ನು ತಂದುಕೊಟ್ಟರು. ಒಂದು ತಿಂಗಳು ಪ್ರತಿದಿನ ಸಾಯಂಕಾಲ ನಾವು ಕೊಳವೆಗಳನ್ನು ಒರೆಸಿ ಆ ಬಟ್ಟೆಯನ್ನು ಅವರಿಗೆ ತೋರಿಸಬೇಕಾಯಿತು. ಮೂವತ್ತನೆಯ ದಿನವೂ ಅದರ ಮೇಲೆ ಎಣ್ಣೆಯ ಕಲೆಯಿಲ್ಲದುದನ್ನು ಬೆಳಕಿಗೆ ಹಿಡಿದು ನೋಡಿ, ಮರುದಿನ ಚಿಕ್ಕೋಡಿಯ ಸಂತೆಗೆ ನಮ್ಮೊಡನೆ ಹೊರಟರು.