ಗಾಲ್ಫ್ ಮೈದಾನದ ಮರಗಳು ಮತ್ತು ಚಳಿಗಾಲದ ಕಡಿತ

ಮರವನ್ನು ನೆಡುವುದು ಪುಣ್ಯಕಾರ್ಯವೆಂದೂ ಕಡಿಯುವುದು ಹಾನಿಯೆಂದೂ ನಾವು ಬಾಲ್ಯದಿಂದಲೇ ಕೇಳಿಕೊಂಡು ಬಂದಿದ್ದೇವೆ. ಆದುದರಿಂದ ಒಂದು ಮೈದಾನದ ಹಿತಕ್ಕಾಗಿಯೇ ಅಲ್ಲಿನ ಸಾವಿರಾರು ಮರಗಳನ್ನು ತೆಗೆದರೆಂಬ ಸಂಗತಿ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿರುವ ಓಕ್‌ಮಂಟ್ ಗಾಲ್ಫ್ ಮೈದಾನದಲ್ಲಿ ನಡೆದುದು ಇದೇ.

1903ರಲ್ಲಿ ಹೆನ್ರಿ ಫೌನ್ಸ್ ಎಂಬವನು ಈ ಮೈದಾನವನ್ನು ರಚಿಸಿದಾಗ ಅದು ಬಹುಮಟ್ಟಿಗೆ ಮರಗಳಿಲ್ಲದ ಬಯಲಾಗಿತ್ತು. ಶತಮಾನದ ಮಧ್ಯಭಾಗದ ಬಳಿಕ ಸೌಂದರ್ಯಕ್ಕೆಂದು ಸಾವಿರಾರು ಸಸಿಗಳನ್ನು ನೆಟ್ಟರು. ಅವು ಬೆಳೆದಂತೆ ಮೈದಾನದ ಮೂಲ ಸ್ವರೂಪ ಮರೆಯಾಯಿತು. 1990ರ ದಶಕದಲ್ಲಿ ಅವುಗಳನ್ನು ತೆಗೆಯತೊಡಗಿದಾಗ, ಸದಸ್ಯರ ವಿರೋಧಕ್ಕೆ ಅಂಜಿ, ಮೊದಮೊದಲು ಬೆಳಕು ಹರಿಯುವ ಮುನ್ನವೇ ಕೆಲಸ ನಡೆಸುತ್ತಿದ್ದರು. ಮರದ ಮೇಲಿನ ಮಮತೆ ಅಲ್ಲಿಯೂ ಅಲ್ಪವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮರವು ಹುಲ್ಲಿಗೆ ಬಾಧಕವಾಗುವುದು ಹೇಗೆ? ಚೆಂಡನ್ನು ಕುಳಿಗೆ ಸೇರಿಸುವ ‘ಗ್ರೀನ್’ ಎಂಬ ಭಾಗದಲ್ಲಿ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರುತ್ತಾರೆ. ಎಲೆಯ ಭಾಗ ಇಷ್ಟು ಕಡಿಮೆಯಿರುವ ಸಸ್ಯಕ್ಕೆ ದ್ಯುತಿಸಂಶ್ಲೇಷಣೆಗಾಗಿ ಬಿಸಿಲು ಧಾರಾಳವಾಗಿ ಬೇಕು. ನೆರಳಿನಲ್ಲಿ ಅದರ ಬೇರು ಕುಗ್ಗುತ್ತದೆ. ಗಾಳಿಯಾಡದೆ ಇಬ್ಬನಿ ಆರದಿರುವುದರಿಂದ ಶಿಲೀಂಧ್ರರೋಗಗಳು ಹೆಚ್ಚುತ್ತವೆ. ಇದಲ್ಲದೆ ಮರದ ಬೇರುಗಳು ನೀರಿಗಾಗಿ ಹುಲ್ಲಿನೊಡನೆ ಸ್ಪರ್ಧಿಸುತ್ತವೆ.

ಇನ್ನು ಚಳಿಗಾಲವೇ ಏಕೆ? ನಮ್ಮ ನಾಡಿನಲ್ಲಿ ಚಳಿಗೆ ನೆಲ ಗಟ್ಟಿಯಾಗುವುದಿಲ್ಲ. ಅಂತಹ ಶೀತದೇಶದಲ್ಲಿ ಮಣ್ಣಿನ ತೇವವೇ ಹೆಪ್ಪುಗಟ್ಟುತ್ತದೆ. ಆಗ ಭಾರವಾದ ಯಂತ್ರಗಳು ಸಂಚರಿಸಿದರೂ ಮಣ್ಣು ಅಷ್ಟಾಗಿ ಅದುಮಿಕೊಳ್ಳುವುದಿಲ್ಲ. ಹುಲ್ಲು ಸುಪ್ತಾವಸ್ಥೆಯಲ್ಲಿರುತ್ತದೆ, ಆಟಗಾರರೂ ವಿರಳ. ಎಲೆಯುದುರಿದ ಮರದಲ್ಲಿ ಒಣಗಿದ, ಸೀಳಿದ ಕೊಂಬೆಗಳು ಚೆನ್ನಾಗಿ ಕಾಣುವುದರಿಂದ ಉಳಿಸುವ ಮರಗಳನ್ನು ಸವರುವುದಕ್ಕೂ ಅನುಕೂಲ. ಓಕ್ ಮರಗಳ ವಿಷಯದಲ್ಲಿ ಮತ್ತೊಂದು ಕಾರಣವುಂಟು. ಅವುಗಳನ್ನು ಬಾಡಿಸುವ ಒಂದು ಶಿಲೀಂಧ್ರವನ್ನು ಸಣ್ಣ ಜೀರುಂಡೆಗಳು ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಹಸಿ ಗಾಯಗಳಿಗೆ ತಂದು ಸೇರಿಸುತ್ತವೆ. ಕಡುಚಳಿಯಲ್ಲಿ ಆ ಭಯವಿಲ್ಲ.

ಆದರೆ ಕಡಿಯಲು ತಕ್ಕ ಕಾಲವು ನಿರ್ಣಯಕ್ಕೂ ತಕ್ಕ ಕಾಲವೆಂದು ಭಾವಿಸಬಾರದು. ಓಕ್‌ಮಂಟ್ ಇರುವುದು ಸುಮಾರು 40.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಡಿಸೆಂಬರ್ ಅಯನದ ಮಧ್ಯಾಹ್ನ ಸೂರ್ಯನ ಎತ್ತರ ಸುಮಾರು 26 ಡಿಗ್ರಿ. ಜೂನ್ ಅಯನದಂದು 73 ಡಿಗ್ರಿ. ಲೆಕ್ಕ ಮಾಡಿದರೆ, ಸಮತಟ್ಟಾದ ನೆಲದಲ್ಲಿ 20 ಮೀಟರ್ ಎತ್ತರದ ಮರದ ಮಧ್ಯಾಹ್ನದ ನೆರಳು ಡಿಸೆಂಬರಿನಲ್ಲಿ ಸುಮಾರು 41 ಮೀಟರ್, ಜೂನ್‌ನಲ್ಲಿ ಕೇವಲ 6 ಮೀಟರ್ ಆಗುತ್ತದೆ. ಚಳಿಗಾಲದ ನೆರಳನ್ನೇ ನಂಬಿದರೆ ನಿರಪರಾಧಿಯಾದ ಮರವೂ ದೋಷಿಯಾಗಿ ಕಂಡೀತು. ಹುಲ್ಲು ಬೆಳೆಯುವ ತಿಂಗಳುಗಳಲ್ಲಿ, ವಿಶೇಷವಾಗಿ ಮುಂಜಾನೆಯ ಬಿಸಿಲನ್ನು ಯಾವ ಮರ ತಡೆಯುತ್ತದೆಂಬುದನ್ನು ಗಂಟೆಗಂಟೆಗೂ ನೋಡಿ ಗುರುತು ಹಾಕಬೇಕು. ಸಾಮಾನ್ಯವಾಗಿ ಗ್ರೀನಿನ ಪೂರ್ವ ಮತ್ತು ಆಗ್ನೇಯ ದಿಕ್ಕಿನ ಮರಗಳೇ ಹೆಚ್ಚು ಬಾಧಕ. ಉತ್ತರದವು ಬಹುಪಾಲು ನಿರುಪದ್ರವಿಗಳು. ಕೆಲವೆಡೆ ಕೊಂಬೆಗಳನ್ನು ಸವರುವುದರಿಂದಲೇ ಸಾಕಷ್ಟು ಬೆಳಕು ದೊರೆಯುತ್ತದೆ.

ಕೆಟ್ಟ ಹುಲ್ಲನ್ನು ಒಂದೆರಡು ಋತುಗಳಲ್ಲಿ ಮತ್ತೆ ಬೆಳೆಸಬಹುದು. ತಪ್ಪಾಗಿ ಕಡಿದ ಎಂಬತ್ತು ವರ್ಷದ ಓಕ್ ಮರವನ್ನು ನಮ್ಮ ಆಯುಷ್ಯದಲ್ಲಿ ಮರಳಿ ಪಡೆಯಲಾರೆವು. ಆದುದರಿಂದ ಬೇಸಿಗೆಯಲ್ಲಿ ನೋಡಿ ಗುರುತು ಹಾಕದ ಯಾವ ಮರಕ್ಕೂ ಚಳಿಗಾಲದಲ್ಲಿ ಗರಗಸವಿಡಬಾರದೆಂಬುದೇ ನಮ್ಮ ಅಭಿಪ್ರಾಯ.